ಕೋಚನ್ನು ತೆಗೆಯದ ಮಾಲೀಕ: ಸ್ಟೀಲರ್ಸ್ ತಂಡದ ಡಾನ್ ರೂನಿ ಬಗ್ಗೆ ಮಾತಾಡೋಣ ಬನ್ನಿ

ಲೆಕ್ಕದ_ಲಿಂಗಣ್ಣ

ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮ ಕಾಲ್ಚೆಂಡಿನ ಮಾತಲ್ಲ. ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಥರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರಲ್ಲ, ಆ ಆಟ. ಅದಕ್ಕೂ ಅವರು ಫುಟ್‌ಬಾಲ್ ಅಂತಲೇ ಅನ್ನುತ್ತಾರೆ, ಏನು ಮಾಡೋದು.

ನನಗೆ ಆಟಕ್ಕಿಂತ ಜಾಸ್ತಿ ಹಿಡಿಸಿದ್ದು ಒಬ್ಬ ಮಾಲೀಕರ ಕಥೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಡಾನ್ ರೂನಿ. ಹುಟ್ಟಿದ್ದು 1932, ತೀರಿಕೊಂಡಿದ್ದು 2017. ಅಪ್ಪ ಕಟ್ಟಿದ ತಂಡ, ಮಗ ನಡೆಸಿದರು, ಈಗ ಮೊಮ್ಮಗ ನಡೆಸುತ್ತಿದ್ದಾರೆ.

ನಾನು ಹುಬ್ಬಳ್ಳಿಯಲ್ಲಿ ಒಂದು ಮನೆತನದ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ವರ್ಷದಲ್ಲಿ ನಾಲ್ಕು ಮ್ಯಾನೇಜರ್ ನೋಡಿದ್ದೇನೆ. ಮೂರು ತಿಂಗಳು ವ್ಯಾಪಾರ ಬಿದ್ದರೆ ಸಾಕು, ಕುರ್ಚಿಯಲ್ಲಿ ಹೊಸ ಮುಖ. ಹಾಗಿರುವಾಗ ಸ್ಟೀಲರ್ಸ್‌ಗೆ 1969ರಿಂದ 2017ರವರೆಗೆ, ಅಂದರೆ 48 ವರ್ಷಕ್ಕೆ, ಮೂರೇ ಜನ ಮುಖ್ಯ ಕೋಚ್ ಅಂತ ಓದಿ ಎರಡೆರಡು ಸಲ ಲೆಕ್ಕ ಹಾಕಿದೆ. ಸರಿಯಾಗೇ ಇದೆ. ಚಕ್ ನೋಲ್, ಬಿಲ್ ಕೌವರ್, ಮೈಕ್ ಟಾಮ್ಲಿನ್.

ಮೊದಲನೆಯವರ ಕಥೆ ಕೇಳಿ. 1969ರ ಜನವರಿ. ಬಾಲ್ಟಿಮೋರ್ ಕೋಲ್ಟ್ಸ್ ಗೆದ್ದೇ ಗೆಲ್ಲುತ್ತದೆ ಅಂತ ಊರೆಲ್ಲ ನಂಬಿದ್ದ ಸೂಪರ್ ಬೌಲ್, ಅಂದರೆ ಫೈನಲ್ ಪಂದ್ಯ. ನ್ಯೂಯಾರ್ಕ್ ಜೆಟ್ಸ್ ಎದುರು ಕೋಲ್ಟ್ಸ್ ಸೋತುಹೋಯಿತು. ಮರುದಿನವೇ ಡಾನ್ ಹೋಗಿ ಆ ಸೋತ ತಂಡದ ಸಹಾಯಕ ಕೋಚ್ ನೋಲ್ ಜೊತೆ ಮಾತಿಗೆ ಕೂತರು. ಹಿಂದಿನ ದಿನ ಅಷ್ಟು ಕೆಟ್ಟದಾಗಿ ಸೋತವನು ಇವತ್ತು ಹೇಗೆ ಮಾತಾಡುತ್ತಾನೆ ಅಂತ ನೋಡುವುದಕ್ಕಿಂತ ಒಳ್ಳೆಯ ಇಂಟರ್‌ವ್ಯೂ ಇನ್ನೇನು ಬೇಕು? ನೋಲ್‌ಗೆ ಆಗ 37, ಡಾನ್‌ಗೆ 36. ಕೆಲಸ ಸಿಕ್ಕಿತು.

ಮೊದಲ ಪಂದ್ಯ ಗೆದ್ದರು. ಆಮೇಲೆ ಸಾಲಾಗಿ 13 ಸೋತರು. ಹೌದು, ಹದಿಮೂರು. ಮುಂದಿನ ವರ್ಷ 5 ಗೆಲುವು, 9 ಸೋಲು. ಅದರ ಮುಂದಿನ ವರ್ಷ 6 ಮತ್ತು 8. ನೋಲ್ ಕುರ್ಚಿಯಲ್ಲೇ ಇದ್ದರು. 1972ರಲ್ಲಿ 11 ಗೆದ್ದು 3 ಸೋತರು. ಆ ದಶಕ ಮುಗಿಯುವಷ್ಟರಲ್ಲಿ ನಾಲ್ಕು ಸೂಪರ್ ಬೌಲ್.

ನಮ್ಮಲ್ಲಾಗಿದ್ದರೆ ಏಳನೇ ಸೋಲಿಗೇ ಬಾಗಿಲ ಹೊರಗೆ ಚಪ್ಪಲಿ ಜೋಡಿಸಿ ಇಡುತ್ತಿದ್ದರು. ಏನಂತೀರಿ?

ಗ್ಯಾಲರಿ_ಗೋಪಿ

ಅಣ್ಣಾ, ಸ್ಟೀಲು, ಫುಟ್‌ಬಾಲು, ಮನೆತನ ಅಂತ ಕಣ್ಣಿಗೆ ಬಿದ್ದಿದ್ದೇ ತಡ, ನಮ್ಮ ಬೆಂಗಳೂರು ಎಫ್‌ಸಿ ಬಗ್ಗೆ ಅಂದುಕೊಂಡು ಓಡಿ ಬಂದೆ. ಅದನ್ನೂ ಉಕ್ಕಿನ ಕಂಪನಿಯವರೇ, ಜಿಂದಾಲ್‌ನವರೇ ಅಲ್ವಾ ನಡೆಸೋದು. ಮೋಸ ಹೋದೆ. ಇರಲಿ, ಬಂದಿದ್ದೇನೆ, ಕೂತು ಕೇಳುತ್ತೇನೆ.

ಒಂದೇ ತಕರಾರು. ಅಪ್ಪ ತಂಡ ಕೊಟ್ಟ, ಮಗ ಕೂತ. ಇದರಲ್ಲಿ ಸಾಧನೆ ಎಲ್ಲಿದೆ? ನಮ್ಮ ಓಣಿಯಲ್ಲೂ ಅಪ್ಪನ ಅಂಗಡಿ ಗಲ್ಲಾ ಮೇಲೆ ಕೂತವರು ಹತ್ತು ಜನ ಇದ್ದಾರೆ.

ಲೆಕ್ಕದ_ಲಿಂಗಣ್ಣ

ಗೋಪಿ, ಕೊಟ್ಟಿದ್ದು ಎಂಥ ತಂಡ ಅಂತ ಮೊದಲು ಕೇಳು. ಅಪ್ಪ ಆರ್ಟ್ ರೂನಿ 1933ರಲ್ಲಿ 2,500 ಡಾಲರ್ ಕೊಟ್ಟು ಶುರು ಮಾಡಿದ್ದು. ಪೆನ್ಸಿಲ್ವೇನಿಯಾದಲ್ಲಿ ಭಾನುವಾರ ದುಡ್ಡಿನ ಆಟ ಆಡಬಾರದು ಅಂತ ಹಳೆಯ ಕಾನೂನಿತ್ತು. ಅದು ಸಡಿಲವಾದ ವರ್ಷವೇ ಇವರು ಶುರು ಮಾಡಿದ್ದು. ಮೊದಲ ಹೆಸರು ಪೈರೇಟ್ಸ್, 1940ರಲ್ಲಿ ಸ್ಟೀಲರ್ಸ್ ಆಯಿತು. ಕುದುರೆ ಜೂಜಿನಲ್ಲಿ ಗೆದ್ದ ದುಡ್ಡಲ್ಲಿ ತಂಡ ಕೊಂಡರು ಅಂತ ಒಂದು ಕಥೆ ಓಡಾಡುತ್ತದೆ. ಕೇಳೋದಕ್ಕೆ ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಆರ್ಟ್ ಸಾಹೇಬರು ಸಾರಟೋಗಾ ರೇಸಿನಲ್ಲಿ ಬಾಚಿಕೊಂಡಿದ್ದು ತಂಡ ಶುರುವಾಗಿ ಕೆಲವು ವರ್ಷ ಆದಮೇಲೆ.

ಮಹಾಯುದ್ಧದಲ್ಲಿ ಆಟಗಾರರೇ ಸಿಗದೆ 1943ರಲ್ಲಿ ಫಿಲಡೆಲ್ಫಿಯಾ ತಂಡದ ಜೊತೆ ಸೇರಿಕೊಂಡು ಆಡಿದರು. 1944ರಲ್ಲಿ ಶಿಕಾಗೋದ ಕಾರ್ಡಿನಲ್ಸ್ ಜೊತೆ ಸೇರಿ ಹತ್ತಕ್ಕೆ ಹತ್ತೂ ಸೋತರು. 1933ರಿಂದ 1971ರವರೆಗೆ ಪ್ಲೇಆಫ್ ಆಡಿದ್ದು ಒಂದೇ ಸಲ, 1947ರಲ್ಲಿ. ಅದೂ 21-0 ಸೋಲು. ಇದು ಗಲ್ಲಾ ಪೆಟ್ಟಿಗೆ ಅಲ್ಲಪ್ಪ, ಸೋರುವ ಮನೆ.

ಯಾಕೆ ಸೋರುತ್ತಿತ್ತು ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಡಾನ್ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಜಾಗದಲ್ಲಿ ಆಡುತ್ತಿದ್ದರು. ಅದೇ ಊರಿನ ಇನ್ನೊಂದು ಕ್ಯಾಥೊಲಿಕ್ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಶಾಲೆಗಳ ಆಯ್ಕೆ ತಂಡದಲ್ಲಿ ಆ ಹುಡುಗನಿಗೆ ಮೊದಲ ಸ್ಥಾನ, ಡಾನ್‌ಗೆ ಎರಡನೇದು. ಹುಡುಗನ ಹೆಸರು ಜಾನಿ ಯುನೈಟಸ್. ಕಾಲೇಜು ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ ಇರುತ್ತದೆ; 1955ರಲ್ಲಿ ಸ್ಟೀಲರ್ಸ್ ಅವನನ್ನು ಅದರ ಒಂಬತ್ತನೇ ಸುತ್ತಿನಲ್ಲಿ ಆರಿಸಿಕೊಂಡಿತು. ಶಿಬಿರಕ್ಕೆ ಕರೆಸಿ, ಒಂದು ಅಭ್ಯಾಸ ಪಂದ್ಯದಲ್ಲೂ ಆಡಿಸದೆ ಮನೆಗೆ ಕಳಿಸಿತು. ಕೋಚ್‌ಗೆ ಹಿಡಿಸಲಿಲ್ಲ, ಅಷ್ಟೇ. ಮುಂದಿನ ವರ್ಷ ಅವನು ಬಾಲ್ಟಿಮೋರ್‌ಗೆ ಹೋಗಿ ಆ ಕಾಲದ ಅತಿ ದೊಡ್ಡ ಆಟಗಾರನಾದ.

ಡಾನ್ ಅದೇ 1955ರಲ್ಲಿ ಡುಕೇನ್ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಮುಗಿಸಿದ್ದರು. ನಮ್ಮ ಜಾತಿಯವರು, ಲೆಕ್ಕದವರು! ತಮಗಿಂತ ಚೆನ್ನಾಗಿ ಆಡುತ್ತಿದ್ದ ಹುಡುಗನನ್ನು ತಮ್ಮ ತಂಡದವರೇ ಕೈಯಾರೆ ಬಿಟ್ಟಿದ್ದನ್ನು ಕಣ್ಣಾರೆ ಕಂಡವರು.

ಸುಧಾ_ನದಿತೀರ

ಪಿಟ್ಸ್‌ಬರ್ಗಿನಿಂದ ಬರೆಯುತ್ತಿದ್ದೇನೆ, ನಾನಿಲ್ಲದೆ ಈ ಮಾತು ನಡೆಯುವ ಹಾಗಿಲ್ಲ 😄

ಹನ್ನೊಂದು ವರ್ಷದ ಹಿಂದೆ ಓದೋದಕ್ಕೆ ಅಂತ ಬಂದಿಳಿದೆ. ಏರ್‌ಪೋರ್ಟಿನಲ್ಲಿ ಎರಡು ಗೊಂಬೆ. ಒಂದು ಜಾರ್ಜ್ ವಾಷಿಂಗ್ಟನ್, ಸರಿ, ದೇಶದ ಮೊದಲ ಅಧ್ಯಕ್ಷ. ಪಕ್ಕದಲ್ಲಿ ನೆಲದ ಹತ್ತಿರ ಬಗ್ಗಿ ಚೆಂಡು ಹಿಡಿಯುತ್ತಿರುವ ಗಡ್ಡದ ಮನುಷ್ಯ. ಇವನು ಯಾವ ಅಧ್ಯಕ್ಷ ಅಂತ ಕರೆದುಕೊಂಡು ಹೋಗಲು ಬಂದ ಸೀನಿಯರ್ ಒಬ್ಬಳನ್ನು ಕೇಳಿದೆ. ಅವಳು ಆ ಕಡೆ ಈ ಕಡೆ ನೋಡಿ, "ಮೆಲ್ಲಗೆ ಕೇಳು" ಅಂದಳು.

ಅವನು ಫ್ರಾಂಕೊ ಹ್ಯಾರಿಸ್. 1972ರ ಡಿಸೆಂಬರ್ 23. ಆಟ ಮುಗಿಯಲು ಕೆಲವೇ ಸೆಕೆಂಡು, ಸ್ಟೀಲರ್ಸ್ 7-6 ಹಿಂದೆ. ಎಸೆದ ಚೆಂಡು ಯಾರಿಗೋ ಬಡಿದು ಹಿಂದಕ್ಕೆ ಚಿಮ್ಮಿತು. ಇನ್ನೇನು ನೆಲ ಮುಟ್ಟಬೇಕು, ಹ್ಯಾರಿಸ್ ಪಾದದ ಹತ್ತಿರ ಅದನ್ನು ಎತ್ತಿಕೊಂಡು ಗೆರೆ ದಾಟುವವರೆಗೂ ಓಡಿದ. 13-7. ತಂಡ ಹುಟ್ಟಿ ಸುಮಾರು ನಲವತ್ತು ವರ್ಷಕ್ಕೆ ಮೊದಲ ಪ್ಲೇಆಫ್ ಗೆಲುವು.

ಆರ್ಟ್ ರೂನಿ ಮಾತ್ರ ಅದನ್ನು ನೋಡಲೇ ಇಲ್ಲ! ಸೋತೆವು ಅಂತ ತೀರ್ಮಾನಿಸಿ, ಹುಡುಗರಿಗೆ ಸಮಾಧಾನ ಹೇಳೋಣ ಅಂತ ಎದ್ದು ಲಿಫ್ಟಿನಲ್ಲಿ ಕೆಳಗೆ ಹೋಗುತ್ತಿದ್ದರು. ನಾಲ್ಕು ದಶಕ ಕಾದವರು ಕೊನೆಯ ಅರ್ಧ ನಿಮಿಷ ಲಿಫ್ಟಿನಲ್ಲಿದ್ದರು. ನನಗೆ ಈ ಊರಿನ ಕಥೆಗಳಲ್ಲೆಲ್ಲ ಇದೇ ಇಷ್ಟ.

ಆ ಹಳೆಯ ಸ್ಟೇಡಿಯಂ ಈಗಿಲ್ಲ, ಒಡೆದು ಹಾಕಿದರು. ಹ್ಯಾರಿಸ್ ಚೆಂಡು ಹಿಡಿದ ಜಾಗ ಈಗ ಪಾರ್ಕಿಂಗ್ ಪಕ್ಕದ ಫುಟ್‌ಪಾತ್. ಅಲ್ಲಿ ಗುರುತು ಮಾಡಿಟ್ಟಿದ್ದಾರೆ. ಆಟದ ದಿನ ಜನ ಅಲ್ಲಿ ನಿಂತು ಬಗ್ಗಿ, ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮಮ್ಮ ಬಂದಿದ್ದಾಗ ಅವರೂ ಸೀರೆ ಸೆರಗು ಸಿಕ್ಕಿಸಿಕೊಂಡು ಬಗ್ಗಿದ ಫೋಟೊ ಇದೆ, ಹಾಕಿದರೆ ಬೈಯುತ್ತಾರೆ.

ಇನ್ನು ಟವೆಲ್. ಹಳದಿ ಟವೆಲ್ ತಿರುಗಿಸುವುದು ಇಲ್ಲಿನ ಪದ್ಧತಿ. ರೇಡಿಯೋದ ಮೈರನ್ ಕೋಪ್ ಅನ್ನುವವರು 1975ರಲ್ಲಿ ಶುರು ಮಾಡಿದ್ದು. ನಾವು ಬಸ್ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುತ್ತೇವೆ, ಇವರು ಗಾಳಿಯಲ್ಲಿ ತಿರುಗಿಸುತ್ತಾರೆ, ಅಷ್ಟೇ ವ್ಯತ್ಯಾಸ. ಜಾಗ ಹಿಡಿಯಲು ಇವರು ರಸ್ತೆಯಲ್ಲಿ ಕುರ್ಚಿ ಇಡುತ್ತಾರೆ. ಹಿಮ ಗೋರಿದ ಪಾರ್ಕಿಂಗ್ ಜಾಗದಲ್ಲಿ ಒಂದು ಮುರುಕು ಕುರ್ಚಿ ಇಟ್ಟರೆ ಯಾರೂ ಮುಟ್ಟುವುದಿಲ್ಲ.

ಭದ್ರಾವತಿ_ಪ್ರಕಾಶ

ಸುಧಾ ಅವರೇ, ಕುರ್ಚಿ ವಿಷಯ ಓದಿ ನಕ್ಕು ಸಾಕಾಯಿತು.

ನನಗೆ ಈ ತಂಡದ ಗುರುತು ಪರಿಚಯ ಆಗಿದ್ದು ಹೆಲ್ಮೆಟ್ ಮೇಲಿನ ಚಿಹ್ನೆಯಿಂದ. ಅದು ತಂಡದ ಸ್ವಂತದ್ದಲ್ಲ, ಅಮೆರಿಕದ ಉಕ್ಕು ಉದ್ಯಮದ ಗುರುತು. ಹೆಲ್ಮೆಟ್ಟಿನ ಬಲಗಡೆ ಮಾತ್ರ ಇರುತ್ತದೆ, ಎಡಗಡೆ ಬೋಳು. ನಮ್ಮ ತಾತ ಭದ್ರಾವತಿ ಕಾರ್ಖಾನೆಯಲ್ಲಿದ್ದವರು, ಹಾಗಾಗಿ ಉಕ್ಕು ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ.

ಈ ತಂಡ ಗೆಲ್ಲೋದಕ್ಕೆ ಶುರು ಮಾಡಿದ ಕಾಲವೇ ಊರು ಸೋಲೋದಕ್ಕೆ ಶುರು ಮಾಡಿದ ಕಾಲ. 1970ರ ದಶಕದ ಕೊನೆಯಿಂದ 80ರ ದಶಕದುದ್ದಕ್ಕೂ ಅಲ್ಲಿನ ಉಕ್ಕಿನ ಕಾರ್ಖಾನೆಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ಕೆಲಸ ಹೋದವರು ಟೆಕ್ಸಾಸ್, ಫ್ಲೋರಿಡಾ ಅಂತ ಹೊರಟರು. ಸಾಮಾನಿನ ಜೊತೆ ಹಳದಿ ಟವೆಲ್ಲೂ ಹೋಯಿತು. ಅದಕ್ಕೇ ಇವತ್ತು ಸ್ಟೀಲರ್ಸ್ ಯಾವ ಊರಿಗೆ ಹೋಗಿ ಆಡಿದರೂ ಅರ್ಧ ಗ್ಯಾಲರಿ ಹಳದಿ. ಬೆಂಗಳೂರಿನಲ್ಲಿ ಭದ್ರಾವತಿಯವರು ಸಿಕ್ಕರೆ ಮೊದಲು ಕೇಳೋದು "ಯಾವ ಕ್ವಾರ್ಟರ್ಸ್?" ಅಂತ. ಇದೂ ಹಾಗೇ ಇರಬೇಕು.

ಶಾಂತಾ_ವಕೀಲ್ತಿ

ಎಲ್ಲರೂ ಹೊಗಳಿದ್ದಾಯಿತಾ? ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ.

ಡಾನ್ ರೂನಿ ಹೆಸರು ನಾನು ಕೇಳಿದ್ದು ಆಟದಿಂದಲ್ಲ, ರೂನಿ ನಿಯಮದಿಂದ. 2002ರಲ್ಲಿ ವಕೀಲರಾದ ಜಾನಿ ಕೋಕ್ರನ್ ಮತ್ತು ಸೈರಸ್ ಮೆಹ್ರಿ ಒಂದು ವರದಿ ತಂದರು. ಆಟಗಾರರಲ್ಲಿ ಬಹುಪಾಲು ಕಪ್ಪು ಜನ, ಮುಖ್ಯ ಕೋಚ್‌ಗಳು ಮಾತ್ರ ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು. ಇರುವ ಕೆಲವರನ್ನೂ ಬೇಗ ತೆಗೆಯುತ್ತಾರೆ, ಕೆಲಸಕ್ಕೆ ತಡವಾಗಿ ತಗೊಳ್ಳುತ್ತಾರೆ. ದಾವೆ ಹಾಕುತ್ತೇವೆ ಅಂದರು. ಆಗ ಲೀಗ್ ಒಂದು ಸಮಿತಿ ಮಾಡಿ ಡಾನ್ ಅವರನ್ನು ಅದರ ತಲೆಗೆ ಕೂರಿಸಿತು. 2003ರಿಂದ ನಿಯಮ ಬಂತು: ಮುಖ್ಯ ಕೋಚ್ ಹುದ್ದೆಗೆ, ಆಗಿನ ಪ್ರಕಾರ, ಕನಿಷ್ಠ ಒಬ್ಬ ಅಲ್ಪಸಂಖ್ಯಾತ ಅಭ್ಯರ್ಥಿಯನ್ನಾದರೂ ಇಂಟರ್‌ವ್ಯೂಗೆ ಕರೆಯಬೇಕು.

ಗಮನಿಸಿ, ಕರೆಯಬೇಕು ಅಷ್ಟೇ. ತಗೋಬೇಕು ಅಂತಿಲ್ಲ. ಅದೇ ವರ್ಷ ಡೆಟ್ರಾಯಿಟ್ ಲಯನ್ಸ್ ಒಬ್ಬ ಅಲ್ಪಸಂಖ್ಯಾತ ಅಭ್ಯರ್ಥಿಯ ಇಂಟರ್‌ವ್ಯೂ ಕೂಡ ಮಾಡದೆ ಬೇಕಾದವರನ್ನು ಕೂರಿಸಿಕೊಂಡಿತು. ತಂಡದ ಅಧ್ಯಕ್ಷರ ಮೇಲೆ 2 ಲಕ್ಷ ಡಾಲರ್ ದಂಡ ಬಿತ್ತು. ಕೋಟ್ಯಧಿಪತಿಗಳಿಗೆ ಅದು ಕಾಫಿ ಖರ್ಚು. ಆಮೇಲೆ ತಂಡಗಳು ಬುದ್ಧಿವಂತರಾದವು. ಒಳಗೊಳಗೇ ಆಳನ್ನು ಗೊತ್ತು ಮಾಡಿಕೊಂಡು, ನಿಯಮಕ್ಕೆ ಅಂತ ಒಬ್ಬರನ್ನು ಕರೆಸಿ, ಕಾಫಿ ಕುಡಿಸಿ ಕಳಿಸೋದು. ಬ್ರಯನ್ ಫ್ಲೋರೆಸ್ ಅನ್ನುವ ಕಪ್ಪು ಸಮುದಾಯದ ಕೋಚ್ 2022ರಲ್ಲಿ ಕೋರ್ಟಿಗೆ ಹೋಗಿದ್ದೇ ಈ ದೂರಿನ ಮೇಲೆ. ನಮ್ಮಲ್ಲಿ ಒಳಗಿನ ಅಭ್ಯರ್ಥಿಗೆ ಅಂತಲೇ ಜಾಹೀರಾತು ಕೊಡುತ್ತಾರಲ್ಲ, ವಿದ್ಯಾರ್ಹತೆ ಕಾಲಂ ನೋಡಿದರೇ ಯಾರ ಅಳತೆಗೆ ಹೊಲಿದಿದ್ದು ಅಂತ ಗೊತ್ತಾಗುತ್ತದೆ.

ಲೆಕ್ಕದ_ಲಿಂಗಣ್ಣ

ಶಾಂತಾ ಮೇಡಂ, ನಿಯಮದ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಆದರೆ ಡಾನ್ ನಿಯಮಕ್ಕೆ ಹೆಸರು ಕೊಟ್ಟು ಸುಮ್ನೆ ಕೂತವರಲ್ಲ. ನಿಯಮಕ್ಕೂ ಮೂವತ್ತು ವರ್ಷ ಹಿಂದೆ ಹೋಗಿ.

ಪಿಟ್ಸ್‌ಬರ್ಗ್ ಕೊರಿಯರ್ ಅಂತ ಕಪ್ಪು ಸಮುದಾಯದ ದೊಡ್ಡ ಪತ್ರಿಕೆ ಇತ್ತು. ಅದರ ಕ್ರೀಡಾ ಬರಹಗಾರ ಬಿಲ್ ನನ್. ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಿಂದ ಪ್ರತಿ ವರ್ಷ ಒಳ್ಳೆಯ ಆಟಗಾರರ ಪಟ್ಟಿ ಮಾಡುತ್ತಿದ್ದರು. ಸ್ಟೀಲರ್ಸ್ ಕಚೇರಿ ಕಡೆ ಮಾತ್ರ ತಲೆ ಹಾಕುತ್ತಿರಲಿಲ್ಲ. ಯಾಕೆ ಅಂತ ಡಾನ್ ಕರೆಸಿ ಕೇಳಿದರು. ನಿಮ್ಮವರಿಗೆ ನಮ್ಮ ಕಾಲೇಜುಗಳು ಕಣ್ಣಿಗೇ ಕಾಣಲ್ಲ, ನಾನ್ಯಾಕೆ ಬರಲಿ ಅನ್ನೋ ಅರ್ಥದಲ್ಲಿ ನನ್ ನೇರವಾಗಿ ಹೇಳಿಬಿಟ್ಟರು. ಡಾನ್ ಸಿಟ್ಟು ಮಾಡಿಕೊಳ್ಳದೆ, ಹಾಗಾದರೆ ನೀವೇ ಬಂದು ಹುಡುಕಿಕೊಡಿ ಅಂದರು.

ನನ್ ಬಂದರು. 1974ರ ಆಯ್ಕೆ ನೋಡಿ. ಅಲಬಾಮಾದ ಕಾಲೇಜಿನಲ್ಲಿ ಜಾನ್ ಸ್ಟಾಲ್‌ವರ್ತ್ ಅನ್ನುವ ಹುಡುಗ. ಬೇರೆ ತಂಡಗಳವರು ಬಂದು ಓಟದ ಸಮಯ ಅಳೆದು ಸುಮಾರು ಅಂತ ಬರೆದುಕೊಂಡು ಹೋದರು. ನನ್ ಮಾತ್ರ ಹುಷಾರಿಲ್ಲ ಅಂತ ಅಲ್ಲೇ ಉಳಿದರು. ಆಮೇಲೆ ಒಣ ನೆಲದಲ್ಲಿ ಮತ್ತೆ ಓಡಿಸಿ ಅಳೆದರು. ಆ ಹುಡುಗನ ಆಟದ ಫಿಲ್ಮ್ ಸುರುಳಿಯೂ ಅವರ ಜೊತೆಗೇ ಪಿಟ್ಸ್‌ಬರ್ಗಿಗೆ ಬಂತು, ಬೇರೆಯವರ ಕೈಗೆ ಬೇಗ ಸಿಗಲೇ ಇಲ್ಲ! ನಾಲ್ಕನೇ ಸುತ್ತಿನಲ್ಲಿ ಆರಾಮಾಗಿ ಆರಿಸಿಕೊಂಡರು. ಅದೇ ವರ್ಷ ಸ್ವಾನ್, ಲ್ಯಾಂಬರ್ಟ್, ವೆಬ್‌ಸ್ಟರ್ ಕೂಡ ಬಂದರು. ಒಂದೇ ಆಯ್ಕೆಯಲ್ಲಿ ನಾಲ್ವರು ಹಾಲ್ ಆಫ್ ಫೇಮ್. ನನ್ ಅವರಿಗೂ ಆ ಗೌರವ ಬಂತು, 2021ರಲ್ಲಿ, ತೀರಿಕೊಂಡ ಮೇಲೆ.

ಇನ್ನು ಟಾಮ್ಲಿನ್, ಅವರೂ ಕಪ್ಪು ಸಮುದಾಯದವರು, ನಿಯಮದಿಂದ ಬಂದರು ಅಂತ ಎಲ್ಲರೂ ಹೇಳುತ್ತಾರೆ. 2007ರಲ್ಲಿ ಅದಕ್ಕೂ ಮೊದಲೇ ಇನ್ನೊಬ್ಬ ಅಲ್ಪಸಂಖ್ಯಾತ ಅಭ್ಯರ್ಥಿ ರಾನ್ ರಿವೆರಾ ಅವರ ಇಂಟರ್‌ವ್ಯೂ ಆಗಿತ್ತು. ಅಂದರೆ ನಿಯಮದ ಶರತ್ತು ಆಗಲೇ ತೀರಿತ್ತು. ಟಾಮ್ಲಿನ್ ಅವರನ್ನು ಕರೆದಿದ್ದು ಬೇಕು ಅಂತಲೇ. ಫ್ಲೋರೆಸ್ ದಾವೆ ಹಾಕಿದ ಅದೇ ತಿಂಗಳು ಅವರಿಗೆ ಸಹಾಯಕ ಕೋಚ್ ಕೆಲಸ ಕೊಟ್ಟಿದ್ದೂ ಇದೇ ಸ್ಟೀಲರ್ಸ್.

ಶಾಂತಾ_ವಕೀಲ್ತಿ

ನಿಮ್ಮ ವಾದ ಚೆನ್ನಾಗಿದೆ ಲಿಂಗಣ್ಣ, ಆದರೆ ಸಾಕ್ಷಿಯೊಬ್ಬರನ್ನು ಬಿಟ್ಟಿರಿ. ಟೋನಿ ಡಂಜಿ. 1984ರಲ್ಲಿ ಸ್ಟೀಲರ್ಸ್‌ನ ರಕ್ಷಣಾ ವಿಭಾಗದ ಮುಖ್ಯಸ್ಥರಾದರು, ಆಗ ಅಂಥ ಹುದ್ದೆಯಲ್ಲಿ ಕಪ್ಪು ಜನ ಕಾಣುತ್ತಲೇ ಇರಲಿಲ್ಲ. 1988ರಲ್ಲಿ ತಂಡ 5 ಗೆದ್ದು 11 ಸೋತಿತು. ಡಾನ್ ನೋಲ್ ಮೇಲೆ ಒತ್ತಡ ಹಾಕಿ ಸಹಾಯಕರನ್ನು ಬದಲಿಸಿ ಅಂದರು. ಡಂಜಿಗೆ ಕೆಳಗಿನ ಹುದ್ದೆ ಅಂದರು, ಅವರು ಬಿಟ್ಟು ಕನ್ಸಾಸ್ ಸಿಟಿಗೆ ಹೋದರು. ನೋಲ್ ಕೂಡ ರಾಜೀನಾಮೆ ಕೊಡುವ ಹಂತಕ್ಕೆ ಬಂದಿದ್ದರು. ಮುಂದೆ ಟ್ಯಾಂಪಾ ಬೇ ತಂಡ 2002ರ ಜನವರಿಯಲ್ಲಿ ಡಂಜಿಯನ್ನು ತೆಗೆದಿದ್ದೂ ಆ ನಿಯಮ ಬರಲು ಒಂದು ಕಾರಣ. ಯಾರಿಂದಾಗಿ ನಿಯಮ ಹುಟ್ಟಿತೋ ಅವರು ಹಿಂದೊಮ್ಮೆ ರೂನಿ ಮನೆಯಿಂದಲೇ ಎದ್ದು ಹೋದವರು.

ಗ್ಯಾಲರಿ_ಗೋಪಿ

ಅಣ್ಣಾ, ನಾನೂ ಈಗ ಸ್ವಲ್ಪ ಓದಿಕೊಂಡು ಬಂದೆ. 1968ರ ಸೀಸನ್ ಮುಗಿದಾಗ ಬಿಲ್ ಆಸ್ಟಿನ್ ಅನ್ನುವ ಕೋಚನ್ನು ತೆಗೆದಿದ್ದು ಯಾರು? ಆ ಕುರ್ಚಿ ಖಾಲಿಯಾಗಿದ್ದಕ್ಕೆ ತಾನೆ ನೋಲ್ ಬಂದಿದ್ದು? ನಿಮ್ಮ ಶೀರ್ಷಿಕೆ ತಪ್ಪು 😁

ಲೆಕ್ಕದ_ಲಿಂಗಣ್ಣ

ಒಪ್ಪಿದೆ ಗೋಪಿ, ಶೀರ್ಷಿಕೆ ತಪ್ಪು. ತೆಗೆಯುತ್ತಿದ್ದರು. ಬೇಕಾದಾಗ ಮನೆಯವರನ್ನೂ ಬಿಡಲಿಲ್ಲ.

ಡಾನ್ ಐದು ಜನ ಗಂಡುಮಕ್ಕಳಲ್ಲಿ ಹಿರಿಯರು. ಅವರ ತಮ್ಮ ಆರ್ಟ್ ಜೂನಿಯರ್ ಆಟಗಾರರ ಹುಡುಕಾಟದ ವಿಭಾಗ ನೋಡಿಕೊಳ್ಳುತ್ತಿದ್ದರು. ಮೇಲೆ ಹೇಳಿದ 1974ರ ಆಯ್ಕೆಯೂ ಅವರ ಕಾಲದ್ದೇ. 1987ರಲ್ಲಿ ಡಾನ್ ಆ ತಮ್ಮನನ್ನೇ ಕೆಲಸದಿಂದ ತೆಗೆದರು. ಅಪ್ಪ ಇನ್ನೂ ಬದುಕಿದ್ದರು. ಭಾನುವಾರದ ಊಟಕ್ಕೆ ಆ ಮನೆಯಲ್ಲಿ ಯಾರು ಎಲ್ಲಿ ಕೂತರೋ, ನನಗಂತೂ ಊಹಿಸಿಕೊಂಡರೇ ಅನ್ನ ಇಳಿಯುವುದಿಲ್ಲ.

1988ರಲ್ಲಿ ಅಪ್ಪ ಹೋದರು. ಆಮೇಲಿನದು ನಮ್ಮ ಪಾಲುಪಟ್ಟಿ ಕಥೆಯೇ. ಐವರು ಅಣ್ಣತಮ್ಮಂದಿರಿಗೆ ತಲಾ 16%, ಒಟ್ಟು 80%. ಉಳಿದ 20% ಮೆಕ್‌ಗಿನ್ಲಿ ಮನೆತನದ್ದು, ಅಂದರೆ ಡಾನ್‌ಗೆ ಸೋದರತ್ತೆ ಮನೆಯವರು. ಇಪ್ಪತ್ತು ವರ್ಷ ಹೀಗೇ ನಡೆಯಿತು. ತೊಡಕು ಬಂದಿದ್ದು ರೇಸ್ ಕೋರ್ಸುಗಳಿಂದ. ತಮ್ಮಂದಿರು ನ್ಯೂಯಾರ್ಕಿನ ಯಾಂಕರ್ಸ್‌ನಲ್ಲಿ ಕುದುರೆ ಟ್ರ್ಯಾಕ್, ಫ್ಲೋರಿಡಾದಲ್ಲಿ ನಾಯಿ ಓಟದ ಟ್ರ್ಯಾಕ್ ನಡೆಸುತ್ತಿದ್ದರು. ಯಾಂಕರ್ಸ್‌ಗೆ ಜೂಜಿನ ಯಂತ್ರಗಳು ಬಂದವು. ಲೀಗ್ ಹೇಳಿತು, ಜೂಜು ಬಿಡಿ ಇಲ್ಲಾ ತಂಡ ಬಿಡಿ. ಜೊತೆಗೆ ತಮ್ಮಂದಿರಿಗೂ ವಯಸ್ಸಾಗಿತ್ತು, ಸತ್ತರೆ ಮಕ್ಕಳ ಮೇಲೆ ಬೀಳುವ ಆಸ್ತಿ ತೆರಿಗೆಯ ಭಯ ಬೇರೆ.

2008ರಲ್ಲಿ ಸ್ಟ್ಯಾನ್ಲಿ ಡ್ರಕನ್‌ಮಿಲ್ಲರ್ ಅನ್ನುವ ವಾಲ್ ಸ್ಟ್ರೀಟಿನ ದೊಡ್ಡ ಕುಳ ತಮ್ಮಂದಿರ ಪಾಲನ್ನೆಲ್ಲ ಕೊಳ್ಳಲು ಬಂದ. ಅದಾಗಿದ್ದರೆ ರೂನಿಗಳ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಅವನೇ ಹಿಂದೆ ಸರಿದ. ಲೀಗಿನ ಆಗಿನ ನಿಯಮದ ಪ್ರಕಾರ ಮುಖ್ಯ ಮಾಲೀಕರ ಕೈಯಲ್ಲಿ ಕನಿಷ್ಠ 30% ಇರಲೇಬೇಕು. 76 ವರ್ಷದ ಡಾನ್, ಮಗ ಎರಡನೇ ಆರ್ಟ್ ಜೊತೆ ಸೇರಿ, ಹೊರಗಿನ ಹೂಡಿಕೆದಾರರನ್ನು ಕರೆತಂದು ಆ 30% ಹೊಂದಿಸಿದರು. ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಯಾವಾಗ, ಜಗತ್ತಿನ ಬ್ಯಾಂಕುಗಳೆಲ್ಲ ಮುಳುಗುತ್ತಿದ್ದಾಗ. ಹೊಸ ಪಾಲುದಾರರಲ್ಲಿ ಒಬ್ಬರಾದ ಜಿಮ್ಮಿ ಹ್ಯಾಸ್ಲಮ್ ನಾಲ್ಕು ವರ್ಷಕ್ಕೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೊಂಡರು. ಸ್ಟೀಲರ್ಸ್‌ನ ಹಳೆಯ ಶತ್ರು ಅದು!

ನನ್ನ ಕೇಳಿದರೆ ಆರು ಸೂಪರ್ ಬೌಲಿಗಿಂತ ಈ 30% ದೊಡ್ಡದು. ಲೆಕ್ಕದವನ ದೃಷ್ಟಿ, ಕ್ಷಮಿಸಿ.

ಸುಧಾ_ನದಿತೀರ

ಅದಾದ ಎರಡೇ ತಿಂಗಳಿಗೆ ಆರನೇ ಸೂಪರ್ ಬೌಲ್. ಆಮೇಲೆ ಅಧ್ಯಕ್ಷ ಒಬಾಮಾ ಡಾನ್ ಅವರನ್ನು ಐರ್ಲೆಂಡಿಗೆ ರಾಯಭಾರಿ ಮಾಡಿ ಕಳಿಸಿದರು, 2009ರಿಂದ 2012ರವರೆಗೆ. ಡಾನ್ ಜೀವಮಾನವೆಲ್ಲ ರಿಪಬ್ಲಿಕನ್ ಆಗಿದ್ದವರು, 2008ರಲ್ಲಿ ಒಬಾಮಾ ಪರ ನಿಂತಿದ್ದರು. ಪೂರ್ವಜರ ದೇಶ ಅಂತ ಮೊದಲಿನಿಂದಲೂ ಸೆಳೆತ. 1976ರಲ್ಲೇ ಐರಿಶ್ ಯುವ ಲೇಖಕರಿಗೆ ರೂನಿ ಹೆಸರಿನ ಬಹುಮಾನ ಶುರು ಮಾಡಿದ್ದರು. ಫುಟ್‌ಬಾಲ್ ಮಾಲೀಕ ಸಾಹಿತ್ಯಕ್ಕೆ ಬಹುಮಾನ ಇಟ್ಟಿದ್ದು ಬೇರೆಲ್ಲಾದರೂ ಇದೆಯಾ?

ಇಲ್ಲಿನ ಹಳಬರು ಅವರ ಬಗ್ಗೆ ಹೇಳುವುದು ಕಪ್‌ಗಳ ಲೆಕ್ಕ ಅಲ್ಲ. ಹುಟ್ಟಿ ಬೆಳೆದ ನಾರ್ತ್ ಸೈಡಿನ ಅಪ್ಪನ ಮನೆಗೇ ವಾಪಸ್ ಬಂದು ಇದ್ದರು. ಸ್ಟೇಡಿಯಂಗೆ ನಡೆದು ಹೋಗುತ್ತಿದ್ದರು. ಕಚೇರಿಯ ಕ್ಯಾಂಟೀನಿನಲ್ಲಿ ಟ್ರೇ ಹಿಡಿದು ಆಟಗಾರರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ನಾನೂ ಒಂದು ಸಲ ಆ ಓಣಿಯಿಂದ ನಡೆದು ನೋಡಿದೆ. ಹಳೆಯ ಇಟ್ಟಿಗೆ ಮನೆಗಳು, ಜಗುಲಿ ಮೇಲೆ ಹಳದಿ ಬಾವುಟ, ರಸ್ತೆಯಲ್ಲಿ ಅದೇ ಮುರುಕು ಕುರ್ಚಿ.

ಗ್ಯಾಲರಿ_ಗೋಪಿ

ಗಲ್ಲಾ ಮಾತು ವಾಪಸ್ ತಗೊಂಡೆ ಅಣ್ಣಾ. ಆದರೂ 13 ಸೋಲು... ನಾನಾಗಿದ್ದರೆ ಮ್ಯಾಚ್ ನೋಡೋದೇ ಬಿಡುತ್ತಿದ್ದೆ.

ಲೆಕ್ಕದ_ಲಿಂಗಣ್ಣ

ಆ 13 ಸೋಲಿಗೂ ಒಂದು ಲಾಭ ಇತ್ತು ಕಣೋ. ಆ ವರ್ಷ ಶಿಕಾಗೋ ಬೇರ್ಸ್ ತಂಡದ್ದೂ ಅದೇ ಗತಿ, 1 ಗೆಲುವು, 13 ಸೋಲು. ಆ ಒಂದು ಗೆಲುವೂ ನಮ್ಮ ಸ್ಟೀಲರ್ಸ್ ಮೇಲೆಯೇ! ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಹೊಸ ಹುಡುಗರ ಆಯ್ಕೆಯಲ್ಲಿ ಮೊದಲ ಸರದಿ. ಇಬ್ಬರೂ ಸಮ ಆಗಿದ್ದಕ್ಕೆ, ಆ ಸರದಿ ಯಾರಿಗೆ ಅಂತ ನಾಣ್ಯ ಚಿಮ್ಮಿದರು. ಕರೆಯುವ ಅವಕಾಶವನ್ನು ಡಾನ್ ಶಿಕಾಗೋದವರಿಗೇ ಬಿಟ್ಟುಕೊಟ್ಟರು. ಅವರು ಹೆಡ್ಸ್ ಅಂದರು, ಟೇಲ್ಸ್ ಬಿತ್ತು. ಸ್ಟೀಲರ್ಸ್‌ಗೆ ಟೆರಿ ಬ್ರಾಡ್‌ಶಾ ಸಿಕ್ಕ, ನಾಲ್ಕು ಸೂಪರ್ ಬೌಲ್ ಗೆದ್ದುಕೊಟ್ಟ.

ಸುಧಕ್ಕ, ಮುಂದಿನ ಸಲ ಊರಿಗೆ ಬರುವಾಗ ಆ ಹಳದಿ ಟವೆಲ್ ಒಂದು ತನ್ನಿ. ಸೋಮವಾರ ನಮ್ಮ ಆಫೀಸಿಗೆ ಐದನೇ ಮ್ಯಾನೇಜರ್ ಬರುತ್ತಿದ್ದಾರೆ. ಒಳ್ಳೆಯವರ ಥರ ಕಾಣುತ್ತಾರೆ, ಪಾಪ. ಅವರ ಕುರ್ಚಿ ಮೇಲೆ ಹಾಕಿಡುತ್ತೇನೆ.